ಕಾರ್ಡಿನ ಹೆಸರಿಗೆ ಕೊಡುವ ದುಡ್ಡು

ಸ್ಟೇಟ್ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇರುವವರ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 236 ರೂಪಾಯಿ ಕಡಿತವಾದ ಸಾಲೊಂದು ಕಾಣುವುದು ಸಾಮಾನ್ಯ. ಅದು ಖಾತೆದಾರರು ತೆಗೆದ ಹಣವಲ್ಲ, ಯಾರಿಗೋ ಕಳಿಸಿದ ಹಣವೂ ಅಲ್ಲ. ಎಟಿಎಂ ಕಾರ್ಡಿನ ವಾರ್ಷಿಕ ನಿರ್ವಹಣಾ ಶುಲ್ಕ 200 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 36 ರೂಪಾಯಿ. 2024ರ ಏಪ್ರಿಲ್ 1ರಂದು ಈ ದರ ಜಾರಿಗೆ ಬಂತು. ಅದಕ್ಕೆ ಮುಂಚೆ ಇದೇ ಸಾಧಾರಣ ಕಾರ್ಡಿಗೆ 125 ರೂಪಾಯಿ ಇತ್ತು, ತೆರಿಗೆ ಸೇರಿದರೆ 147 ರೂಪಾಯಿ 50 ಪೈಸೆ. ಅದೇ ದಿನ ಆ ಬ್ಯಾಂಕಿನ ಗೋಲ್ಡ್, ಯುವ ಮುಂತಾದ ಕಾರ್ಡುಗಳ ಶುಲ್ಕ 175ರಿಂದ 250ಕ್ಕೆ, ಪ್ಲಾಟಿನಂ ಕಾರ್ಡಿನದು 250ರಿಂದ 325ಕ್ಕೆ ಏರಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2023ರ ಫೆಬ್ರುವರಿಯಲ್ಲೇ ಕ್ಲಾಸಿಕ್ ಕಾರ್ಡಿನ ಶುಲ್ಕವನ್ನು 125ರಿಂದ 200ಕ್ಕೆ, ಪ್ಲಾಟಿನಂ ಕಾರ್ಡಿನದನ್ನು 250ರಿಂದ 500ಕ್ಕೆ ಏರಿಸಿತ್ತು. ಸೆಲೆಕ್ಟ್ ಎಂಬ ಮೇಲ್ದರ್ಜೆಯ ಕಾರ್ಡಿಗೆ 1,000 ರೂಪಾಯಿ. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. 200 ರೂಪಾಯಿಯ ಕಾರ್ಡು ಮಾಡದ ಯಾವ ಕೆಲಸವನ್ನು 500 ಅಥವಾ 1,000 ರೂಪಾಯಿಯ ಕಾರ್ಡು ಮಾಡುತ್ತದೆ? ಬಹುಪಾಲು ಖಾತೆದಾರರ ಮಟ್ಟಿಗೆ ಇದಕ್ಕೆ ಉತ್ತರ, ಏನೂ ಇಲ್ಲ. ಡೆಬಿಟ್ ಕಾರ್ಡು ಬ್ಯಾಂಕು ಕೊಟ್ಟ ಗೌರವದ ಗುರುತಲ್ಲ, ನಾವು ಪ್ರತಿ ವರ್ಷ ದುಡ್ಡು ಕೊಟ್ಟು ಪಡೆಯುವ ಸೇವೆ. ನಮ್ಮ ಕೆಲಸಕ್ಕೆ ಸಾಕಾಗುವ ಅತಿ ಕಡಿಮೆ ದರ್ಜೆಯ ಕಾರ್ಡನ್ನು ಕೇಳಿ ಪಡೆಯುವುದೇ ಸರಿಯಾದ ಆಯ್ಕೆ.

ಇದನ್ನು ಒಪ್ಪಬೇಕಾದರೆ ಕಾರ್ಡಿನ ಮೇಲೆ ಅಚ್ಚಾದ ಹೆಸರುಗಳನ್ನು ಬಿಡಿಸಿ ನೋಡಬೇಕು. ಒಂದೇ ಕಾರ್ಡಿನ ಮೇಲೆ ಸಾಮಾನ್ಯವಾಗಿ ಮೂರು ಗುರುತುಗಳಿರುತ್ತವೆ. ಮೊದಲನೆಯದು ಕಾರ್ಡು ಕೊಟ್ಟ ಬ್ಯಾಂಕಿನ ಹೆಸರು. ಎರಡನೆಯದು ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಎಂಬ ಜಾಲದ ಹೆಸರು. ಅಂಗಡಿಯ ಸ್ವೈಪಿಂಗ್ ಯಂತ್ರದಿಂದ ನಮ್ಮ ಬ್ಯಾಂಕಿಗೆ ಸಂದೇಶ ಒಯ್ದು, ಹಣ ಇದೆಯೋ ಇಲ್ಲವೋ ಎಂದು ವಿಚಾರಿಸಿ, ಲೆಕ್ಕ ಚುಕ್ತಾ ಮಾಡಿಸುವುದು ಈ ಜಾಲದ ಕೆಲಸ. ರುಪೇ ನಮ್ಮ ದೇಶದ್ದೇ ಜಾಲ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಅದನ್ನು 2012ರಲ್ಲಿ ಶುರು ಮಾಡಿತು. ಮೂರನೆಯದು ದರ್ಜೆ: ಕ್ಲಾಸಿಕ್, ಗೋಲ್ಡ್, ಪ್ಲಾಟಿನಂ, ಸೆಲೆಕ್ಟ್, ಸಿಗ್ನೇಚರ್ ಇತ್ಯಾದಿ. ಶುಲ್ಕ ನಿಂತಿರುವುದು ಈ ಮೂರನೆಯ ಗುರುತಿನ ಮೇಲೆ. ಆದರೆ ಎಟಿಎಂನಿಂದ ಹಣ ತೆಗೆಯುವುದು, ಅಂಗಡಿಯಲ್ಲಿ ಪಾವತಿಸುವುದು, ಆನ್‌ಲೈನ್‌ನಲ್ಲಿ ಓಟಿಪಿ ಹಾಕಿ ಟಿಕೆಟ್ ಕೊಳ್ಳುವುದು ಎಲ್ಲ ದರ್ಜೆಗಳಲ್ಲೂ ಒಂದೇ. ಚಿಪ್ ಒಂದೇ ಬಗೆಯದು, ಪಿನ್ ಒಂದೇ ಬಗೆಯದು. ತಾಗಿಸಿ ಪಾವತಿಸುವ ಸೌಲಭ್ಯ ಈಗ ಸಾಧಾರಣ ಕಾರ್ಡಿನಲ್ಲೂ ಇದೆ. 2021ರ ಜನವರಿ 1ರಿಂದ ಪಿನ್ ಇಲ್ಲದೆ ಹಾಗೆ 5,000 ರೂಪಾಯಿವರೆಗೆ ಪಾವತಿಸಬಹುದೆಂಬ ಮಿತಿಗೂ ದರ್ಜೆಗೂ ಸಂಬಂಧವಿಲ್ಲ. ಕೆಂಪು ಬಸ್ಸಿಗಿಂತ ಐರಾವತಕ್ಕೆ ಹೆಚ್ಚು ದುಡ್ಡು ಕೊಟ್ಟರೆ ದಾರಿ ಅದೇ ಆದರೂ ಕೂರುವ ಸೀಟು ಬದಲಾಗುತ್ತದೆ, ಪ್ರಯಾಣದುದ್ದಕ್ಕೂ ಅದು ಅನುಭವಕ್ಕೆ ಬರುತ್ತದೆ. ಮೇಲ್ದರ್ಜೆಯ ಕಾರ್ಡಿನ ಹೆಚ್ಚುವರಿ ಸೌಲಭ್ಯ ಅಂಥದಲ್ಲ. ಅದು ವಿಮಾನ ನಿಲ್ದಾಣದಲ್ಲೋ ಅಪಘಾತದ ನಂತರವೋ ಕೇಳಿದವರಿಗೆ, ಷರತ್ತು ಪೂರೈಸಿದವರಿಗೆ ಮಾತ್ರ ಸಿಗುತ್ತದೆ.

ಹಾಗಿದ್ದರೆ ನಮ್ಮ ಕೈಯಲ್ಲಿರುವ ಕಾರ್ಡಿನ ದರ್ಜೆಯನ್ನು ಆರಿಸಿದವರು ಯಾರು? ಹೆಚ್ಚಿನ ಸಂದರ್ಭಗಳಲ್ಲಿ ಖಾತೆದಾರರಲ್ಲ. ಖಾತೆ ತೆರೆಯುವ ಅರ್ಜಿಯಲ್ಲಿ ಹತ್ತಾರು ಚೌಕಗಳಿರುತ್ತವೆ, ಸಿಬ್ಬಂದಿ ತೋರಿಸಿದಲ್ಲಿ ಸಹಿ ಹಾಕಿ ಬರುತ್ತೇವೆ. ಸಂಬಳದ ಖಾತೆಯಾದರೆ ಕಾರ್ಡಿನ ಬಗೆಯನ್ನು ಕಂಪನಿ ಮತ್ತು ಬ್ಯಾಂಕಿನ ಒಪ್ಪಂದ ನಿರ್ಧರಿಸುತ್ತದೆ. ಕೆಲಸ ಬಿಟ್ಟು ಸಂಬಳ ಬರುವುದು ನಿಂತ ಮೇಲೆ ಆ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಗುತ್ತದೆ, ಅಲ್ಲಿಯವರೆಗೆ ಮಾಫಿ ಇದ್ದ ಶುಲ್ಕ ಶುರುವಾಗುತ್ತದೆ. ಕರ್ನಾಟಕದ ಖಾತೆದಾರರಿಗೆ ಇದಲ್ಲದೆ ಇನ್ನೊಂದು ಕಾರಣವೂ ಇದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಮೂರು ವರ್ಷಗಳ ಅವಧಿಯಲ್ಲಿ ಈ ನಾಡಿನಲ್ಲೇ ಬೆಳೆದ ನಾಲ್ಕು ಬ್ಯಾಂಕುಗಳ ಗ್ರಾಹಕರು ತಾವು ಅರ್ಜಿ ಹಾಕದ ಬ್ಯಾಂಕಿನ ಶುಲ್ಕಪಟ್ಟಿಯ ಕೆಳಗೆ ಬಂದರು. ಆ ಪಟ್ಟಿಯನ್ನು ಕೂತು ಓದಿದವರು ಕಡಿಮೆ. ಓದದೇ ಇದ್ದದ್ದು ಅವರ ತಪ್ಪು ಎನ್ನುವುದು ಸುಲಭ; ಆದರೆ ಊರಿನ ಶಾಖೆಯ ಫಲಕ ಬದಲಾಯಿತೆಂದು ಮಾತ್ರ ತಿಳಿದವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ, ವರ್ಷಕ್ಕೆ ಇನ್ನೂರು ಚಿಲ್ಲರೆ ರೂಪಾಯಿಗೆ ಇಷ್ಟೊಂದು ಲೆಕ್ಕಾಚಾರ ಏಕೆ ಎಂಬುದು. ದುಡಿಯುವ ಕುಟುಂಬಕ್ಕೆ ಅದೊಂದು ಮೊತ್ತವೇ ಅಲ್ಲ ಎನ್ನುವವರಿದ್ದಾರೆ. ಶುಲ್ಕವನ್ನು ಆ ಖಾತೆ ಗಳಿಸುವ ಬಡ್ಡಿಯ ಪಕ್ಕ ಇಟ್ಟರೆ ಅದರ ಗಾತ್ರ ಬೇರೆಯಾಗಿ ಕಾಣುತ್ತದೆ. 2025ರ ಜೂನ್ 15ರಿಂದ ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿ ವರ್ಷಕ್ಕೆ ಶೇ 2.5. ಈ ದರದಲ್ಲಿ 236 ರೂಪಾಯಿ ಬಡ್ಡಿ ಬರಬೇಕಾದರೆ ಖಾತೆಯಲ್ಲಿ ವರ್ಷವಿಡೀ 9,440 ರೂಪಾಯಿ ನಿಂತಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬಡ್ಡಿಯೆಲ್ಲ ಕಾರ್ಡಿನ ಪಾಲಾಗಿ, ಅಸಲಿನಿಂದಲೂ ಸ್ವಲ್ಪ ಹೋಗುತ್ತದೆ. ಪ್ಲಾಟಿನಂ ಕಾರ್ಡಾದರೆ ತೆರಿಗೆ ಸೇರಿ 383 ರೂಪಾಯಿ 50 ಪೈಸೆ. ಅದನ್ನು ಸರಿದೂಗಿಸಲು 15,340 ರೂಪಾಯಿ ಬೇಕು. ಹತ್ತು ಸಾವಿರದ ಆಸುಪಾಸು ಹಣ ಇಟ್ಟುಕೊಂಡಿರುವ ಖಾತೆಗಳು ಈ ದೇಶದಲ್ಲಿ ಅಪರೂಪವಲ್ಲ. ಒಂದೇ ಮನೆಯಲ್ಲಿ ಗಂಡನದೊಂದು, ಹೆಂಡತಿಯದೊಂದು, ಕಾಲೇಜಿಗೆ ಹೋಗುವ ಮಗಳದೊಂದು, ತಾಯಿಯ ಪಿಂಚಣಿಯದೊಂದು ಖಾತೆ ಇದ್ದು ನಾಲ್ಕಕ್ಕೂ ಈ ಶುಲ್ಕ ಬಿದ್ದರೆ ವರ್ಷಕ್ಕೆ 944 ರೂಪಾಯಿ. ಇನ್ನೂ ಒಂದು ವಿಷಯ ಗಮನಿಸಬೇಕು. ಕನಿಷ್ಠ ಬಾಕಿ ಇಡದಿದ್ದಕ್ಕೆ ಹಾಕುತ್ತಿದ್ದ ದಂಡವನ್ನು ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಕೈಬಿಟ್ಟವು. ಆ ನಿರ್ಧಾರ ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ಕಾರ್ಡಿನ ಶುಲ್ಕದ ಏರಿಕೆ ಮಾತ್ರ ಪಾಸ್‌ಬುಕ್ಕಿನ ಒಂದು ಸಾಲಾಗಿ ಬಂದು ಹೋಯಿತು. ದಂಡವನ್ನು ಬಾಕಿ ಉಳಿಸಿಕೊಂಡು ತಪ್ಪಿಸಬಹುದಿತ್ತು. ಕಾರ್ಡಿನ ಶುಲ್ಕ ಹಣ ಇದ್ದವರಿಗೂ ಇಲ್ಲದವರಿಗೂ ಒಂದೇ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೇಲ್ದರ್ಜೆಯ ಕಾರ್ಡಿನ ಜೊತೆ ಅಪಘಾತ ವಿಮೆ ಬರುತ್ತದೆ, ಕೆಲವು ನೂರು ರೂಪಾಯಿಗೆ ಲಕ್ಷಗಳ ರಕ್ಷಣೆ ಸಿಗುವಾಗ ಅದನ್ನು ಬಿಡುವುದು ಜಾಣತನವೇ ಎಂದು ಕೇಳುವವರಿದ್ದಾರೆ. ವಿಮೆ ಇರುವುದು ನಿಜ. ಆದರೆ ಅದು ಕಾರ್ಡು ಕಪಾಟಿನಲ್ಲಿ ಇದ್ದ ಮಾತ್ರಕ್ಕೆ ಜೀವಂತವಾಗಿರುವ ವಿಮೆಯಲ್ಲ. ಜನಧನ ಖಾತೆಯ ರುಪೇ ಕಾರ್ಡನ್ನೇ ನೋಡಿ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳ ಕಾರ್ಡಿಗೆ 2 ಲಕ್ಷ ರೂಪಾಯಿ, ಅದಕ್ಕೆ ಮುಂಚಿನವಕ್ಕೆ 1 ಲಕ್ಷ ರೂಪಾಯಿ ಅಪಘಾತ ವಿಮೆ ಇದೆ. ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು ಎಂಬುದು ಷರತ್ತು. ಬೇರೆ ಕಾರ್ಡುಗಳಲ್ಲಿ ಈ ಅವಧಿ ಇನ್ನೂ ಕಡಿಮೆ ಇರಬಹುದು. ಯುಪಿಐ ಬಂದ ಮೇಲೆ ತಿಂಗಳುಗಟ್ಟಲೆ ಕಾರ್ಡು ಮುಟ್ಟದವರೇ ಹೆಚ್ಚು, ಮೊಬೈಲಿನಿಂದ ಮಾಡಿದ ಯುಪಿಐ ಪಾವತಿಯನ್ನು ಕಾರ್ಡಿನ ಬಳಕೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯವರಿಗೆ ಇಂಥ ವಿಮೆ ಇದೆ ಎಂಬುದೇ ತಿಳಿದಿರದಿದ್ದರೆ, ಅಪಘಾತವಾದ ಮೇಲೆ ನಿಗದಿತ ಅವಧಿಯೊಳಗೆ ದಾಖಲೆ ಕೂಡಿಸಿ ಅರ್ಜಿ ಹಾಕುವವರೇ ಇರುವುದಿಲ್ಲ. ಇದರ ಪಕ್ಕದಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಇಟ್ಟು ನೋಡಿ. 18ರಿಂದ 70 ವರ್ಷದೊಳಗಿನ ಯಾವ ಖಾತೆದಾರರಾದರೂ ವರ್ಷಕ್ಕೆ 20 ರೂಪಾಯಿ ಕೊಟ್ಟರೆ 2 ಲಕ್ಷ ರೂಪಾಯಿ ಅಪಘಾತ ವಿಮೆ ಸಿಗುತ್ತದೆ, ಕಾರ್ಡು ಬಳಸಬೇಕೆಂಬ ಷರತ್ತೇ ಇಲ್ಲ. ಅಪಘಾತ ವಿಮೆಯೇ ಬೇಕಾಗಿದ್ದರೆ ಮೊದಲು ಮಾಡಬೇಕಾದದ್ದು ಇದನ್ನು. ಅದಕ್ಕಿಂತ ಹೆಚ್ಚಿನ ಮೊತ್ತದ ರಕ್ಷಣೆ ಬೇಕಾದವರು ವಿಮೆಯನ್ನು ವಿಮೆಯಾಗಿಯೇ, ಪಾಲಿಸಿ ಪತ್ರ ಕೈಯಲ್ಲಿ ಹಿಡಿದು ಕೊಳ್ಳುವುದು ಮೇಲು. ಈಗಾಗಲೇ ಕೈಯಲ್ಲಿರುವ ಕಾರ್ಡಿಗೆ ವಿಮೆ ಇದ್ದರೆ ಅದನ್ನು ಕಳೆದುಕೊಳ್ಳಬೇಡಿ: ಎರಡು ತಿಂಗಳಿಗೊಮ್ಮೆಯೋ ಷರತ್ತು ಕೇಳುವಷ್ಟು ಸಲವೋ ಅಂಗಡಿಯಲ್ಲಿ ಒಂದು ಸಣ್ಣ ಪಾವತಿ ಮಾಡಿ, ವಿಷಯವನ್ನು ಮನೆಯವರಿಗೆ ಹೇಳಿ ಒಂದು ಕಡೆ ಬರೆದಿಡಿ.

ವಿಮಾನ ನಿಲ್ದಾಣದ ಲೌಂಜಿನ ವಿಚಾರದಲ್ಲಿ ವಾದ ಬೆಳೆಸುವ ಅಗತ್ಯವಿಲ್ಲ. ವರ್ಷಕ್ಕೆ ಹಲವು ಸಲ ವಿಮಾನದಲ್ಲಿ ಓಡಾಡುವವರಿಗೆ, ಬ್ಯಾಂಕು ಹಾಕಿರುವ ಖರ್ಚಿನ ಷರತ್ತು ಪೂರೈಸುವವರಿಗೆ 500 ರೂಪಾಯಿಯ ಕಾರ್ಡು ಲಾಭವೇ. ದಿನಕ್ಕೆ ದೊಡ್ಡ ಮೊತ್ತದ ನಗದು ತೆಗೆಯಬೇಕಾದ ವ್ಯಾಪಾರಿಗಳಿಗೂ ಮೇಲ್ದರ್ಜೆಯ ಕಾರ್ಡಿನ ಹೆಚ್ಚಿನ ದಿನಮಿತಿ ಉಪಯೋಗಕ್ಕೆ ಬರುತ್ತದೆ. ಉಳಿದವರಿಗೆ ಅದೇ ದಿನಮಿತಿ ಅಪಾಯದ ಮಿತಿ ಕೂಡ. ಕಾರ್ಡು ಮತ್ತು ಪಿನ್ ಕಳ್ಳರ ಕೈ ಸೇರಿದ ದಿನ ಅವರು ಎಷ್ಟು ತೆಗೆಯಬಲ್ಲರು ಎಂಬುದನ್ನು ಆ ಮಿತಿಯೇ ನಿರ್ಧರಿಸುತ್ತದೆ.

ಬ್ಯಾಂಕುಗಳ ಪರವಾಗಿ ಹೇಳಬಹುದಾದ ಮಾತೂ ಇದೆ, ಅದನ್ನು ನ್ಯಾಯವಾಗಿ ಕೇಳಬೇಕು. ಕಾರ್ಡು ಅಚ್ಚು ಮಾಡಿಸಿ ಅಂಚೆಯಲ್ಲಿ ಕಳಿಸಲು ಖರ್ಚಿದೆ. ನಮ್ಮ ಕಾರ್ಡನ್ನು ಬೇರೆ ಬ್ಯಾಂಕಿನ ಎಟಿಎಂಗೆ ಹಾಕಿ ಹಣ ತೆಗೆದಾಗಲೆಲ್ಲ ನಮ್ಮ ಬ್ಯಾಂಕು ಆ ಬ್ಯಾಂಕಿಗೆ 19 ರೂಪಾಯಿ ಕೊಡಬೇಕು, ಬರೀ ಬ್ಯಾಲೆನ್ಸ್ ನೋಡಿದರೂ 7 ರೂಪಾಯಿ. 2025ರ ಮೇ 1ರಿಂದ ಇದು ಜಾರಿಯಲ್ಲಿದೆ. ಅಂಗಡಿಯಲ್ಲಿ ಕಾರ್ಡು ಉಜ್ಜಿದಾಗ ಅಂಗಡಿಯವರಿಂದ ಬರುವ ವ್ಯಾಪಾರಿ ಶುಲ್ಕದಲ್ಲಿ ಕಾರ್ಡು ಕೊಟ್ಟ ಬ್ಯಾಂಕಿಗೆ ಒಂದು ಪಾಲು ಸಿಗುತ್ತದೆ. ರಿಸರ್ವ್ ಬ್ಯಾಂಕು 2018ರ ಜನವರಿಯಿಂದ ಆ ಶುಲ್ಕಕ್ಕೆ ಮಿತಿ ಹಾಕಿದೆ: 20 ಲಕ್ಷದೊಳಗೆ ವಹಿವಾಟಿರುವ ಸಣ್ಣ ಅಂಗಡಿಗಳಿಗೆ ಹೆಚ್ಚೆಂದರೆ ಶೇ 0.40, ದೊಡ್ಡವರಿಗೆ ಶೇ 0.90. ರುಪೇ ಡೆಬಿಟ್ ಕಾರ್ಡಿಗಂತೂ 2020ರ ಜನವರಿ 1ರಿಂದ ಈ ಶುಲ್ಕವೇ ಇಲ್ಲ. ಎಂದರೆ ರುಪೇ ಕಾರ್ಡನ್ನು ಎಷ್ಟು ಬಳಸಿದರೂ ಅಂಗಡಿಯ ಕಡೆಯಿಂದ ಬ್ಯಾಂಕಿಗೆ ಬರುವ ಆದಾಯ ಸೊನ್ನೆ. ಹಾಗಾಗಿ ಕಾರ್ಡಿಗೆ ಒಂದು ಮಿತವಾದ ವಾರ್ಷಿಕ ಶುಲ್ಕ ಇರುವುದೇ ಅನ್ಯಾಯ ಎನ್ನಲಾಗದು. ಆದರೆ ಈ ವಾದ ಸಮರ್ಥಿಸುವುದು ಶುಲ್ಕವನ್ನು ಮಾತ್ರ, ಕೇಳದೇ ಮೇಲ್ದರ್ಜೆಯ ಕಾರ್ಡು ಕೊಡುವುದನ್ನಲ್ಲ. ಕ್ಲಾಸಿಕ್ ಕಾರ್ಡು ಅಚ್ಚು ಮಾಡಲು ತಗಲುವ ಖರ್ಚಿಗೂ ಪ್ಲಾಟಿನಂ ಕಾರ್ಡಿನ ಖರ್ಚಿಗೂ ಇರುವ ವ್ಯತ್ಯಾಸ 300 ರೂಪಾಯಿ ಆಗಿರಲಾರದು. ಉಳಿದದ್ದು ಸೌಲಭ್ಯಗಳ ಬೆಲೆ. ಬಳಸದ ಸೌಲಭ್ಯಕ್ಕೆ ಬೆಲೆ ತೆರಬೇಕೇ ಬೇಡವೇ ಎಂದು ಹೇಳುವ ಹಕ್ಕು ಖಾತೆದಾರರದು. ಅಂದಹಾಗೆ, ಡೆಬಿಟ್ ಕಾರ್ಡು ಕೊಟ್ಟರೆ ಬಿಲ್ಲಿನ ಮೇಲೆ ಶೇ 2 ಹೆಚ್ಚು ಕೊಡಿ ಎನ್ನುವ ಅಂಗಡಿಗಳು ಈಗಲೂ ಇವೆ. ವ್ಯಾಪಾರಿ ಶುಲ್ಕವನ್ನು ಗ್ರಾಹಕರ ಮೇಲೆ ಹಾಕುವಂತಿಲ್ಲ. ಹಾಗೆ ಕೇಳಿದರೆ ಕೊಡಬೇಕಾಗಿಲ್ಲ.

ವಾರ್ಷಿಕ ಶುಲ್ಕ ಒಂದು ಸಲದ ಕಡಿತ. ಬಳಕೆಯಲ್ಲಿ ಹೋಗುವ ಸಣ್ಣ ಶುಲ್ಕಗಳು ಕೆಲವರಿಗೆ ಅದನ್ನೂ ಮೀರುತ್ತವೆ, ಮತ್ತು ಇವುಗಳಲ್ಲಿ ಯಾವುದೂ ದುಬಾರಿ ಕಾರ್ಡಿದ್ದರೆ ತಪ್ಪುತ್ತದೆ ಎನ್ನುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಉಳಿತಾಯ ಖಾತೆದಾರರಿಗೆ ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ಕನಿಷ್ಠ ಐದು ವ್ಯವಹಾರ ಉಚಿತ. ಬೇರೆ ಬ್ಯಾಂಕಿನ ಎಟಿಎಂ ಮಹಾನಗರದಲ್ಲಿದ್ದರೆ ಮೂರು, ಉಳಿದ ಕಡೆ ಐದು. ಈ ಲೆಕ್ಕಕ್ಕೆ ಕರ್ನಾಟಕದಲ್ಲಿ ಮಹಾನಗರವೆಂದರೆ ಬೆಂಗಳೂರು ಮಾತ್ರ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯ ಎಟಿಎಂಗಳಲ್ಲಿ ಐದರ ಲೆಕ್ಕ. ಖಾತೆ ಯಾವ ಊರಿನದು ಎಂಬುದಲ್ಲ, ಎಟಿಎಂ ಎಲ್ಲಿದೆ ಎಂಬುದು ಮುಖ್ಯ. ಮಿತಿ ಮೀರಿದರೆ ಪ್ರತಿ ಸಲಕ್ಕೆ ಹೆಚ್ಚೆಂದರೆ 23 ರೂಪಾಯಿ, ತೆರಿಗೆ ಸೇರಿ 27 ರೂಪಾಯಿ 14 ಪೈಸೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದ್ದೂ ಒಂದು ವ್ಯವಹಾರವೇ, ಆದ್ದರಿಂದ ಮೊದಲು ಬ್ಯಾಲೆನ್ಸ್ ನೋಡಿ ಆಮೇಲೆ ಹಣ ತೆಗೆಯುವ ಅಭ್ಯಾಸ ಇರುವವರ ಉಚಿತ ಸಂಖ್ಯೆ ಎರಡು ಪಟ್ಟು ಬೇಗ ಮುಗಿಯುತ್ತದೆ. ಬ್ಯಾಲೆನ್ಸನ್ನು ಮೊಬೈಲಿನಲ್ಲೋ ಮಿಸ್ಡ್ ಕಾಲ್ ಕೊಟ್ಟೋ ನೋಡಬಹುದು. ಖಾತೆಯಲ್ಲಿ ಇಲ್ಲದಷ್ಟು ಹಣ ಕೇಳಿದರೆ ಅದಕ್ಕೂ ಶುಲ್ಕ. ಸ್ಟೇಟ್ ಬ್ಯಾಂಕಿನಲ್ಲಿ ಅದು 20 ರೂಪಾಯಿ ಮತ್ತು ತೆರಿಗೆ. ಹಣವಿಲ್ಲದವರಿಂದ ಹಣವಿಲ್ಲ ಎಂಬ ಕಾರಣಕ್ಕೇ ಕಡಿತ ಮಾಡುವ ಈ ಶುಲ್ಕ ಇರಲೇಬಾರದು. ಎಟಿಎಂನಲ್ಲಿ ನಗದು ಖಾಲಿಯಾಗಿ, ಯಂತ್ರ ಕೆಟ್ಟು, ಸಂಪರ್ಕ ಕಡಿದು ವ್ಯವಹಾರ ನಿಂತರೆ ಮಾತ್ರ ಅದನ್ನು ಉಚಿತ ಸಂಖ್ಯೆಯಲ್ಲಿ ಎಣಿಸುವಂತಿಲ್ಲ, ಶುಲ್ಕವನ್ನೂ ಹಾಕುವಂತಿಲ್ಲ. ಹಣ ಕೈಗೆ ಬರದೆ ಖಾತೆಯಿಂದ ಕಡಿತವಾದರೆ ಐದು ದಿನಗಳೊಳಗೆ ಬ್ಯಾಂಕು ಅದನ್ನು ವಾಪಸು ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು 2019ರಿಂದ ಇರುವ ನಿಯಮ. ಈ ಪರಿಹಾರ ತಾನಾಗಿಯೇ ಜಮೆಯಾಗಬೇಕು, ಆಗದಿದ್ದರೆ ಕೇಳಿ. ಕಾರ್ಡು ಕಳೆದುಹೋದರೆ ಹೊಸದಕ್ಕೆ ಸ್ಟೇಟ್ ಬ್ಯಾಂಕ್ 300 ರೂಪಾಯಿ ಮತ್ತು ತೆರಿಗೆ ತೆಗೆದುಕೊಳ್ಳುತ್ತದೆ. ಅದು ಸಾಧಾರಣ ಕಾರ್ಡಿನ ಒಂದು ವರ್ಷದ ಶುಲ್ಕಕ್ಕಿಂತ ಹೆಚ್ಚು.

ವಿದೇಶದಲ್ಲಿ ಓದುವ ಮಕ್ಕಳಿಗೆ, ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳಿಗೆ ಊರಿನ ಡೆಬಿಟ್ ಕಾರ್ಡು ಎಷ್ಟು ದುಬಾರಿಯಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸ್ಟೇಟ್ ಬ್ಯಾಂಕಿನ ಪಟ್ಟಿಯಂತೆ ಹೊರದೇಶದ ಎಟಿಎಂನಲ್ಲಿ ಹಣ ತೆಗೆದರೆ 100 ರೂಪಾಯಿ, ತೆಗೆದ ಮೊತ್ತದ ಶೇ 3.5, ಇವೆರಡರ ಮೇಲೆ ಜಿಎಸ್‌ಟಿ. 20,000 ರೂಪಾಯಿಗೆ ಸಮನಾದ ಡಾಲರ್ ತೆಗೆದರೆ 944 ರೂಪಾಯಿ ಶುಲ್ಕಕ್ಕೇ ಹೋಗುತ್ತದೆ. ಆ ದೇಶದ ಎಟಿಎಂನ ಶುಲ್ಕ ಬೇರೆ. ಅಂಗಡಿಯಲ್ಲಿ ಪಾವತಿಸಿದರೆ ಶೇ 3 ಮತ್ತು ತೆರಿಗೆ. ಅಲ್ಲಿನ ಯಂತ್ರ ರೂಪಾಯಿಯಲ್ಲಿ ಪಾವತಿಸುತ್ತೀರಾ ಎಂದು ಕೇಳಿದರೆ ಬೇಡ ಎನ್ನಿ, ಆ ದೇಶದ ನಾಣ್ಯವನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಆ ಅಂಗಡಿಯ ಕಡೆಯವರು ನಿರ್ಧರಿಸುತ್ತಾರೆ, ಅದು ನಮಗೆ ನಷ್ಟವಾಗುವಂತೆಯೇ ಇರುತ್ತದೆ. ವಿದೇಶಕ್ಕೆ ಹೋಗಬಹುದೇನೋ ಎಂಬ ಒಂದೇ ಕಾರಣಕ್ಕೆ ವರ್ಷವರ್ಷ ದುಬಾರಿ ಅಂತರರಾಷ್ಟ್ರೀಯ ಕಾರ್ಡು ಇಟ್ಟುಕೊಳ್ಳುವವರಿಗೆ ಇದೇ ಉತ್ತರ. ಅದು ತುರ್ತಿಗೆ ಆಗುವ ಕಾರ್ಡು, ನಿತ್ಯದ ಖರ್ಚಿಗಲ್ಲ. ಹೊರಡುವುದು ಖಚಿತವಾದಾಗ ವಿದೇಶಿ ಹಣ ತುಂಬಿಸಿಕೊಳ್ಳುವ ಪ್ರಯಾಣದ ಕಾರ್ಡನ್ನೋ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಕೆಳದರ್ಜೆಯ ಕಾರ್ಡನ್ನೋ ಆಗ ಕೇಳಿ ಪಡೆಯಬಹುದು. ಒಳನಾಡಿನ ರುಪೇ ಕ್ಲಾಸಿಕ್ ಕಾರ್ಡು ಹೊರದೇಶದಲ್ಲಿ ನಡೆಯುವುದಿಲ್ಲ ಎಂಬುದು ನಿಜ, ಆದರೆ ಹೊರದೇಶಕ್ಕೆ ಹೋಗದವರಿಗೆ ಅದು ಕೊರತೆಯಲ್ಲ.

ಈ ವಿಷಯ ಹೆಚ್ಚು ಕಾಡಬೇಕಾದದ್ದು ಅತಿ ಸಣ್ಣ ಖಾತೆಗಳ ಮಟ್ಟಿಗೆ. ಗೃಹಲಕ್ಷ್ಮಿ ಯೋಜನೆಯಡಿ ತಿಂಗಳಿಗೆ 2,000 ರೂಪಾಯಿ ಬರುವ ಖಾತೆಯೊಂದನ್ನು ಎಣಿಸಿ. ಆ ಖಾತೆಗೆ ಬೇರೆ ವರಮಾನವಿಲ್ಲ, ಬಂದ ಹಣ ಅದೇ ವಾರ ಖರ್ಚಾಗುತ್ತದೆ. ಅಂಥ ಖಾತೆಯಿಂದ ಕಾರ್ಡಿನ ಹೆಸರಿನಲ್ಲಿ 236 ರೂಪಾಯಿ ಹೋದರೆ ಅದು ಒಂದು ತಿಂಗಳ ಕಂತಿನ ಹೆಚ್ಚುಕಡಿಮೆ ಶೇ 12. ಇದನ್ನು ತಪ್ಪಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ರಿಸರ್ವ್ ಬ್ಯಾಂಕು 2012ರಲ್ಲಿ ಮೂಲ ಉಳಿತಾಯ ಠೇವಣಿ ಖಾತೆ ಎಂಬ ಬಗೆಯನ್ನು ಎಲ್ಲ ಬ್ಯಾಂಕುಗಳಿಗೂ ಕಡ್ಡಾಯ ಮಾಡಿತು, 2019ರ ಜೂನ್‌ನಲ್ಲಿ ಅದರ ಸೌಲಭ್ಯಗಳನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಇದಕ್ಕೆ ಕನಿಷ್ಠ ಬಾಕಿ ಇಲ್ಲ, ಎಟಿಎಂ ಕಾರ್ಡು ಉಚಿತ, ಹಣ ಕಟ್ಟಲು ಲೆಕ್ಕಮಿತಿ ಇಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯುವುದಕ್ಕೆ ಶುಲ್ಕವಿಲ್ಲ. 2014ರ ಆಗಸ್ಟ್‌ನಲ್ಲಿ ಶುರುವಾದ ಜನಧನ ಖಾತೆ ಇದೇ ಜಾತಿಯದು. ಇದು ಬಡವರಿಗೆಂದೇ ಇರುವ ಖಾತೆ, ನಮಗೆ ಕೊಡುವುದಿಲ್ಲ ಎಂಬ ನಂಬಿಕೆ ತಪ್ಪು. ಮೂಲ ಉಳಿತಾಯ ಖಾತೆಗೆ ಆದಾಯದ ಷರತ್ತಿಲ್ಲ, ಯಾರು ಬೇಕಾದರೂ ಕೇಳಬಹುದು, ಈಗಿರುವ ಸಾಮಾನ್ಯ ಖಾತೆಯನ್ನೇ ಲಿಖಿತ ಅರ್ಜಿ ಕೊಟ್ಟು ಹೀಗೆ ಬದಲಾಯಿಸಿಕೊಳ್ಳಬಹುದು. ಇದರ ಮಿತಿಗಳನ್ನೂ ಹೇಳಬೇಕು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ, ಇದ್ದರೆ ಮುಚ್ಚಬೇಕು. ತಿಂಗಳಿಗೆ ಹಲವು ಸಲ ನಗದು ತೆಗೆಯುವವರಿಗೆ ನಾಲ್ಕರ ಮಿತಿ ಸಾಲದೇ ಹೋಗಬಹುದು. ಸರ್ಕಾರದ ನೆರವು, ಪಿಂಚಣಿ, ವಿದ್ಯಾರ್ಥಿವೇತನ ಬರುವುದಷ್ಟೇ ಉದ್ದೇಶವಾಗಿರುವ ಖಾತೆಗಳಿಗೆ ಇದಕ್ಕಿಂತ ಒಪ್ಪುವ ಬಗೆ ಇನ್ನೊಂದಿಲ್ಲ. ಖಾತೆ ತೆರೆಯುವಾಗಲೇ ಇದನ್ನು ಮೊದಲ ಆಯ್ಕೆಯಾಗಿ ಹೇಳುವುದು ಶಾಖೆಗಳ ಕರ್ತವ್ಯ. ಕೇಳಿದವರಿಗೆ ಮಾತ್ರ ಹೇಳಿದರೆ ಸಾಲದು.

ಕಾರ್ಡೇ ಬೇಡ ಎನ್ನುವ ದಾರಿಯೂ ಇದೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕಾರ್ಡುಗಳ ನಿರ್ದೇಶನದಲ್ಲಿ ಯಾವ ಬ್ಯಾಂಕೂ ಗ್ರಾಹಕರಿಗೆ ಡೆಬಿಟ್ ಕಾರ್ಡು ತೆಗೆದುಕೊಳ್ಳಲು ಒತ್ತಾಯಿಸಬಾರದು, ಬೇರೆ ಸೌಲಭ್ಯ ಬೇಕಾದರೆ ಕಾರ್ಡು ತೆಗೆದುಕೊಳ್ಳಿ ಎಂದು ಗಂಟು ಹಾಕಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಕಾರ್ಡಿಲ್ಲದೆ ಯುಪಿಐ ಪಿನ್ ಹಾಕಿಕೊಳ್ಳಲಾಗದು ಎಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು, ಕಾರ್ಡಿನ ಕೊನೆಯ ಆರು ಅಂಕಿ ಕೇಳುತ್ತಿದ್ದರು. ಈಗ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯೇ ಆಧಾರ್‌ನಲ್ಲೂ ಇದ್ದರೆ ಆಧಾರ್ ಓಟಿಪಿಯಿಂದಲೇ ಪಿನ್ ಹಾಕಿಕೊಳ್ಳಬಹುದು. ಹಲವು ಎಟಿಎಂಗಳಲ್ಲಿ ಪರದೆಯ ಕ್ಯುಆರ್ ಕೋಡನ್ನು ಮೊಬೈಲಿನಿಂದ ಓದಿಸಿ ನಗದನ್ನೂ ತೆಗೆಯಬಹುದು. ಹಾಗೆಂದು ಎಲ್ಲರೂ ಕಾರ್ಡು ಬಿಡಬೇಕೆಂದಲ್ಲ. ಮೊಬೈಲ್ ಕೆಟ್ಟಾಗ, ನೆಟ್‌ವರ್ಕ್ ಇಲ್ಲದ ಊರಿನಲ್ಲಿ, ಸ್ಮಾರ್ಟ್‌ಫೋನ್ ಬಳಸದ ಹಿರಿಯರಿಗೆ ಕಾರ್ಡೇ ಆಧಾರ. ಮನೆಯಲ್ಲಿ ನಾಲ್ಕು ಖಾತೆಗಳಿದ್ದರೆ ನಾಲ್ಕಕ್ಕೂ ಕಾರ್ಡು ಬೇಕೇ ಎಂಬುದನ್ನಾದರೂ ಯೋಚಿಸಬಹುದು.

ಇಟ್ಟುಕೊಂಡ ಕಾರ್ಡನ್ನು ಕಾಯುವುದಕ್ಕೆ ದರ್ಜೆ ಬೇಕಾಗಿಲ್ಲ, ಗಮನ ಸಾಕು. ಆನ್‌ಲೈನ್, ವಿದೇಶಿ ಬಳಕೆ, ತಾಗಿಸಿ ಪಾವತಿಸುವುದು ಇವನ್ನೆಲ್ಲ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ, ಪ್ರತಿಯೊಂದಕ್ಕೂ ಮಿತಿ ಹಾಕುವ ಸೌಲಭ್ಯವನ್ನು 2020ರಿಂದ ಎಲ್ಲ ಕಾರ್ಡುಗಳಿಗೂ ಕೊಡಲೇಬೇಕು, ಅದಕ್ಕೆ ಶುಲ್ಕವಿಲ್ಲ. ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬೀಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2017ರ ಜುಲೈನ ಸುತ್ತೋಲೆಯಲ್ಲಿ ಹೇಳಿತು. ಪಿನ್ನನ್ನೋ ಓಟಿಪಿಯನ್ನೋ ನಾವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ.

ಕಾರ್ಡು ಬದಲಾಯಿಸಲು ಹೊರಟವರು ಮೊದಲು ತಮ್ಮ ಬ್ಯಾಂಕಿನ ಜಾಲತಾಣದಲ್ಲಿ ಸೇವಾ ಶುಲ್ಕಗಳ ಪುಟ ತೆರೆದು ಕಾರ್ಡಿನ ಹೆಸರಿನ ಎದುರು ಇರುವ ಇವತ್ತಿನ ದರ ನೋಡಲಿ, ಇಲ್ಲಿ ಹೇಳಿದ ಅಂಕಿಗಳು ಬದಲಾಗುತ್ತಿರುತ್ತವೆ. ವಾರ್ಷಿಕ ಶುಲ್ಕ ಸಾಮಾನ್ಯವಾಗಿ ಕಾರ್ಡು ಕೊಟ್ಟ ತಿಂಗಳಲ್ಲೇ, ಎರಡನೆಯ ವರ್ಷದ ಆರಂಭದಿಂದ ಕಡಿತವಾಗುತ್ತದೆ; ಪಾಸ್‌ಬುಕ್ಕಿನಲ್ಲಿ ಹಿಂದಿನ ಕಡಿತದ ದಿನಾಂಕ ನೋಡಿ, ಅದಕ್ಕೆ ಒಂದು ತಿಂಗಳು ಮುಂಚೆ ಶಾಖೆಗೆ ಹೋಗುವುದು ಒಳ್ಳೆಯದು. ಅರ್ಜಿಯಲ್ಲಿ ಬೇಕಾದದ್ದನ್ನು ನೇರವಾಗಿ ಬರೆಯಿರಿ: ಈಗಿರುವ ಕಾರ್ಡನ್ನು ರದ್ದುಪಡಿಸಿ ರುಪೇ ಕ್ಲಾಸಿಕ್ ಕೊಡಿ, ಅಥವಾ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಿ, ಅಥವಾ ಕಾರ್ಡು ಬೇಡ. ಬದಲಾವಣೆಗೆ ಹೊಸ ಕಾರ್ಡಿನ ಶುಲ್ಕ ಬೀಳುತ್ತದೆಯೇ ಎಂದು ಮೊದಲೇ ಕೇಳಿ, ಅರ್ಜಿಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಕಾರ್ಡನ್ನು ಮೊಬೈಲಿನಲ್ಲಿ ಬ್ಲಾಕ್ ಮಾಡುವುದೇ ಬೇರೆ, ರದ್ದುಪಡಿಸುವುದೇ ಬೇರೆ. ಬ್ಲಾಕ್ ಮಾಡಿದ ಮಾತ್ರಕ್ಕೆ ವಾರ್ಷಿಕ ಶುಲ್ಕ ನಿಂತಿತು ಎಂದು ಭಾವಿಸಬೇಡಿ. ಉಚಿತ ಕಾರ್ಡಿರಬೇಕಾದ ಖಾತೆಯಿಂದ ಶುಲ್ಕ ಕಡಿತವಾಗಿದ್ದರೆ ವಾಪಸು ಕೇಳಿ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ವಕೀಲರು ಬೇಕಾಗಿಲ್ಲ, ಶುಲ್ಕವೂ ಇಲ್ಲ.